ಒಳಗಿನ ಪಟ್ಟಾ

ಕಿವಿ ಬಸಲಿಂಗಪ್ಪ ಎಂದರೆ ಬೆಳಗಾವಿಯಿಂದ ಲೋಂಡಾದವರೆಗೆ ಗಾಡಿ ಇಟ್ಟವರಿಗೆಲ್ಲ ಗೊತ್ತಿತ್ತು. ಸ್ಕ್ರೂ ತಿರುವುವ, ಮರದ ಹಿಡಿಕೆಯ ಉದ್ದನೆಯ ಪೇಚಕಸದ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸಾಕು. ಗಾಡಿಯವನು ಬೀಡಿ ಹಚ್ಚುವುದರೊಳಗೆ ಎಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಇಪ್ಪತ್ತೆಂಟು ವರ್ಷ ಆ ಹೆಸರಿನ ಮೇಲೆಯೇ ಮನೆ ನಡೆಯಿತು, ಹಿಂದವಾಡಿಯಲ್ಲಿ ನಾಲ್ಕು ಕೋಣೆಯ ಸ್ವಂತ ಮನೆಯಾಯಿತು, ಮಗನ ಮದುವೆಯಾಯಿತು. ಆದರೆ ಈ ಕಥೆ ನಡೆದ ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಆ ಕಿವಿಗಳು ಹೋಗಿ ಎರಡು ವರ್ಷಗಳಾಗಿದ್ದವು. ಅದು ಒಬ್ಬನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರಿನಿಂದ ಹಬೆ ಚಿಮ್ಮುವುದು ಕಂಡಿತು, ಸಿಳ್ಳೆ ಕೇಳಿಸಲಿಲ್ಲ. ಕುಕ್ಕರಿನ ಸಿಳ್ಳೆ ಕೆಟ್ಟಿದೆ ಎಂದುಕೊಂಡ. ಹೆಸರಾಂತ ಮೆಕ್ಯಾನಿಕ್ಕು ಮಾಡಿದ ಮೊದಲ ತಪ್ಪು ಪರೀಕ್ಷೆ ಅದು. ಆಮೇಲೆ ಸೈಕಲ್ಲಿನ ಗಂಟೆ ಹೋಯಿತು, ಗುಬ್ಬಿಗಳು ಹೋದವು, ಹೆಂಗಸರ ದನಿ ಹೋಯಿತು. ಎಡಗಿವಿ ಪೂರ್ತಿ ಮುಚ್ಚಿತು. ಬಲಗಿವಿಗೆ ಲಾರಿಯ ಗುಡುಗು, ಗಂಡಸರ ದಪ್ಪ ದನಿ, ಅದೂ ಹತ್ತಿರದಿಂದ ಬಂದರೆ, ಇಷ್ಟು ಮಾತ್ರ ಉಳಿದವು. ತುಟಿ ನೋಡಿ ಮಾತು ಹಿಡಿಯುವುದನ್ನು ತಾನೇ ಕಲಿತುಕೊಂಡ. ಅದರಲ್ಲೂ ಮೋಸವಿತ್ತು. ಬ, ಪ, ಮ ಮೂರೂ ತುಟಿಯ ಮೇಲೆ ಒಂದೇ ಆಗಿ ಕಾಣುತ್ತಿದ್ದವು. ಹೆಂಡತಿ ಬಟ್ಟಲ ಎಂದಳೋ ಮೆಟ್ಟಲ ಎಂದಳೋ ತಿಳಿಯುತ್ತಿರಲಿಲ್ಲ. ತಿಳಿಯದ್ದಕ್ಕೆಲ್ಲ ಅವನ ಬಳಿ ಒಂದೇ ಮದ್ದು ಇತ್ತು. "ಹೂಂ" ಎಂದುಬಿಡುವುದು. "ಏನಂದಿ?" ಎಂದು ಒಮ್ಮೆ ಕೇಳಿದರೆ ಮತ್ತೊಮ್ಮೆ ಕೇಳಬೇಕಾಗುತ್ತದೆ, ಮೂರನೆಯ ಸಲಕ್ಕೆ ಊರಿಗೆ ಸುದ್ದಿಯಾಗುತ್ತದೆ. ಕಿವಿ ಬಸಲಿಂಗಪ್ಪನಿಗೆ ಕಿವಿ ಇಲ್ಲ ಎಂದಮೇಲೆ ಗಾಡಿ ಯಾರು ತರುತ್ತಾರೆ?

ಈ ಗುಟ್ಟು ತಿಳಿದಿದ್ದವನು ಭರಮಪ್ಪ ಒಬ್ಬನೇ. ಖಾನಾಪುರ ರಸ್ತೆಯ ತಗಡಿನ ಶೆಡ್ಡಿನಲ್ಲಿ ಬಸಲಿಂಗಪ್ಪನ ಜೊತೆ ಹದಿನೈದು ವರ್ಷ ದುಡಿದವನು. ಇಂಜಿನ್ನು ಯಾವ ಸಪ್ಪಳ ಮಾಡುತ್ತಿದೆಯೋ ಅದನ್ನು ಮಡಗಾರ್ಡಿನ ಮೇಲೆ ಬೆರಳಗಂಟಿನಿಂದ ಬಡಿದು ತೋರಿಸುತ್ತಿದ್ದ. ಬಸಲಿಂಗಪ್ಪ ಅಂಗೈ ಇಟ್ಟು ಅದನ್ನು ತಿಳಿದುಕೊಂಡು ಗಾಡಿಯವನಿಗೆ ಉತ್ತರ ಹೇಳುತ್ತಿದ್ದ. ಕಳೆದ ಯುಗಾದಿಗೆ ಭರಮಪ್ಪನೂ ಕೊಲ್ಹಾಪುರದ ಮಗಳ ಮನೆ ಸೇರಿದ. ಆಮೇಲೆ ಶೆಡ್ಡಿನಲ್ಲಿ ಬಸಲಿಂಗಪ್ಪನೊಬ್ಬನೇ.

ಶೆಡ್ಡಿನಲ್ಲೇ ದುಡಿಯುತ್ತಿದ್ದ ಮಗ ಗುರುಪಾದ ಅದಕ್ಕೂ ಮೊದಲೇ ಹೋಗಿದ್ದ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ತಂದೆ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ, ನಟ್ಟು ತಿರುವುವ ಪಾನಾಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟು ಹೊರಟುಹೋದ. ಹದಿನೈದು ದಿನಕ್ಕೆ ಪೇಟೆಯಲ್ಲಿ ಬಿಡಿಭಾಗಗಳ ಅಂಗಡಿ ಹಾಕಿದ. ಹೇಳದೆ ಕೇಳದೆ ಹೋದ ಎಂಬುದೇ ಬಸಲಿಂಗಪ್ಪನ ನೋವು. ಒಂದೇ ಮನೆಯಲ್ಲಿದ್ದರು, ಒಂದೇ ಹೊತ್ತಿಗೆ ಉಣ್ಣುತ್ತಿದ್ದರು. ತಂದೆ ಮಗನ ನಡುವಿನ ಮಾತು ಮಾತ್ರ ಹೆಂಗಸರ ಮೂಲಕ ಹೋಗಿ ಬರುತ್ತಿತ್ತು.

ದಸರೆ ಮುಗಿದ ವಾರ, ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದರು. ರೊಟ್ಟಿ, ಝುಣಕ, ಶೇಂಗಾ ಹಿಂಡಿ ಮುಗಿದು ಅನ್ನ ಸಾರಿಗೆ ಬಂದಿದ್ದರು. ಹೆಂಡತಿ ಸಂಗವ್ವ ಒಲೆಯ ಕಡೆ ಮುಖ ಮಾಡಿ ಕೇಳಿದಳು.

"ಸಾರಿಗಿ ಉಪ್ಪ ಸರಿ ಆಗೇತೇನ್ರಿ?"

"ಹೂಂ."

"ಸರಿ ಆಗೇತೋ, ಕಡಿಮಿ ಆಗೇತೋ?"

"ಹೂಂ. ಸೋಮವಾರ."

ಸೊಸೆ ಗಂಗಾದೇವಿ ಸೆರಗು ಬಾಯಿಗೊತ್ತಿ ನಕ್ಕಳು. ಗುರುಪಾದ ನಗಲಿಲ್ಲ.

"ಇಂಜಿನ್ ಆಗಿ ಹುಟ್ಟಿದ್ರ ನಮ್ಮ ಮಾತೂ ಕೇಳ್ತಿದ್ದ ನೋಡವ್ವಾ," ಎಂದು ತಾಯಿಗೆ ಹೇಳಿದ. "ಮಂದಿ ಆಗಿ ಹುಟ್ಟಿ ತಪ್ಪ ಮಾಡೇವಿ."

"ಹಿರ್ಯಾರಿಗಿ ಹಂಗ ಅನಬಾರ್ದೋ."

"ಅಂದ್ರೇನಾತು? ಕೇಳಂಗಿಲ್ಲ ಅಂದ್ರ ಕೇಳಂಗಿಲ್ಲ. ನಾ ಹೇಳೂದ ಬಿಟ್ಟೀನಿ."

ಬಸಲಿಂಗಪ್ಪ ತಲೆ ಎತ್ತಿದಾಗ ಮಗನ ತುಟಿಯ ಮೇಲೆ ಒಂದು ಮಾತು ಕಂಡಿತು. ಕೇಳಂಗಿಲ್ಲ. ಈ ಮನೆಯಲ್ಲಿ ಎಲ್ಲರ ತುಟಿಯ ಮೇಲೂ ಎರಡು ವರ್ಷದಿಂದ ಓದಿ ಓದಿ ಆ ಮಾತಿನ ಆಕಾರ ಅವನಿಗೆ ಬಾಯಿಪಾಠವಾಗಿತ್ತು. ಅವನು ಅನ್ನ ಕಲಸಿ ಉಂಡ. ಸಾರಿಗೆ ಉಪ್ಪೇ ಇರಲಿಲ್ಲ. ಮೂರು ಜನರ ನಡುವೆ ಕೂತು ಉಣ್ಣುತ್ತಿದ್ದರೂ ಅವನಿಗೆ ಬಿಕೋ ಎನಿಸಿತು.

ಆ ಭಾನುವಾರವೇ ಖಾನಾಪುರದಿಂದ ಬೀಗರು ಬಂದರು. ಗಂಗಾದೇವಿಯ ತಂದೆ ಬಾಳಾಸಾಹೇಬರದು ಖಾನಾಪುರದಲ್ಲಿ ಹಂಚಿನ ವ್ಯಾಪಾರ. ಆಗ ಹೊಸದಾಗಿ ರಸ್ತೆಗೆ ಬಂದಿದ್ದ ಬಿಳಿ ಸಣ್ಣ ಕಾರೊಂದನ್ನು ಕೊಂಡಿದ್ದರು. ಬಾಗಿಲಲ್ಲಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಗಾಡಿ ಚಾಲೂ ಇಟ್ಟರು.

"ಬೀಗರ, ಮುಂದಿನ ಬಾಜೂ ಸಣ್ಣಗ ಚಿಂವ್ ಅನ್ನಾಕತ್ತೇತ್ರಿ. ಎಂಟ ದಿನಾತು. ನಿಮ್ಮಂಥಾ ಕಿವಿ ಮನ್ಯಾಗ ಇದ್ದಾಗ ಬ್ಯಾರೆಯವರಿಗಿ ಯಾಕ ತೋರಿಸ್ಲಿ ಅಂತ ತಂದೆ."

ಎದುರು ನಿಂತು ಹೇಳಿದ್ದರಿಂದ ಬಸಲಿಂಗಪ್ಪನಿಗೆ ಅಷ್ಟೂ ತಿಳಿಯಿತು. ಪೇಚಕಸ ತಂದು ಅಲ್ಲಿ ಇಲ್ಲಿ ಇಟ್ಟು ಬಲಗಿವಿಗೆ ಒತ್ತಿದ. ಇಂಜಿನ್ನಿನ ದಪ್ಪ ಗುನುಗು ಮಾತ್ರ ಬಂತು. ಸುತ್ತ ಮನೆಯವರೆಲ್ಲ ನಿಂತಿದ್ದರು. ಗಂಗಾದೇವಿ ಚಹಾದ ತಾಟು ಹಿಡಿದುಕೊಂಡು, "ಹೌದ್ರಿ ಮಾವಾರ, ನನಗೂ ಕೇಳಸ್ತೇತಿ," ಎಂದಳು. ಅವಳು ಏನೋ ಅಂದದ್ದು ಕಂಡಿತು, ಏನೆಂದು ತಿಳಿಯಲಿಲ್ಲ.

"ಏನೂ ಇಲ್ಲ," ಎಂದ ಬಸಲಿಂಗಪ್ಪ. "ಹೊಸಾ ಇಂಜಿನ್ ಐತ್ರಿ, ಸ್ವಲ್ಪ ಹಾಡತೇತಿ. ಸುಮ್ನ ಓಡಿಸ್ರಿ."

ಕಿವಿ ಬಸಲಿಂಗಪ್ಪ ಹೇಳಿದಮೇಲೆ ಮುಗಿಯಿತು. ಬಾಳಾಸಾಹೇಬರು ಕುಂದಾ ತಿಂದು, ಚಹಾ ಕುಡಿದು, ನಿಶ್ಚಿಂತರಾಗಿ ಹೊರಟರು.

ದೀಪಾವಳಿ ಆಗಿ ಒಂಬತ್ತನೆಯ ದಿನ ಆ ಕಾರು ಗುಂಜಿ ಊರು ದಾಟಿದ ಮೇಲೆ ಕಾಡಿನ ನಡುವೆ ನಿಂತುಬಿಟ್ಟಿತು. ಒಳಗೆ ಬಾಳಾಸಾಹೇಬರು, ಅವರ ಹೆಂಡತಿ ಗೌರವ್ವ. ಕಿರಿಯ ಮಗಳನ್ನು ನೋಡಲು ಗೋವೆಯ ಕಡೆಯಿಂದ ಗಂಡಿನವರು ಬರುವವರಿದ್ದರು, ಅವರನ್ನು ಲೋಂಡಾ ಸ್ಟೇಶನ್ನಿನಲ್ಲಿ ಇಳಿಸಿಕೊಂಡು ಖಾನಾಪುರಕ್ಕೆ ಕರೆತರಲು ಹೊರಟಿದ್ದರು. ಗಂಡಿನವರು ಪ್ಲಾಟಫಾರ್ಮಿನ ಮೇಲೆ ಮೂರು ತಾಸು ಕಾದರು. ಕರೆಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಮುಖ ಸಿಂಡರಿಸಿಕೊಂಡು ಮುಂದಿನ ರೈಲಿಗೆ ತಿರುಗಿ ಹೋದರು. ಸಂಜೆ ಹಂಚಿನ ಲಾರಿಯೊಂದು ಆ ಹೊಸ ಕಾರನ್ನು ಹಗ್ಗ ಕಟ್ಟಿ ಖಾನಾಪುರಕ್ಕೆ ಎಳೆದುತಂದಿತು.

ಮರುದಿನ ಬೆಳಿಗ್ಗೆ ಹಿಂದವಾಡಿಯ ಮನೆಯಲ್ಲಿ ಜೋರು ಮಾತು ನಡೆಯಿತು.

"ಇನ್ನ ನಮ್ಮ ಅಪ್ಪಾಗ ನಾ ಏನಂತ ಮುಖಾ ತೋರಿಸ್ಲಿ?" ಗಂಗಾದೇವಿ ಕಣ್ಣೊರೆಸಿಕೊಂಡಳು. "ಎಲ್ಲಾರಿಗೂ ಕೇಳಸಿದ್ದು ಮಾವಾರಿಗಿ ಒಬ್ಬರಿಗಿ ಕೇಳಸಲಿಲ್ಲೇನು?"

"ಆಂವಾ ಮಂದಿ ಹೇಳಿದ್ದ ಕೇಳಿದ್ರ ಹೌದಲ್ಲ!" ಎಂದ ಗುರುಪಾದ.

"ನೀ ಸುಮ್ನಿರು," ಎಂದಳು ಸಂಗವ್ವ. "ಬೀಗರ ಕೆಲಸ ಅದು. ಏನ್ರಿ, ನೀವು ಹೋಗಿ ನೋಡಿ ಬರ್ರಿ. ಗಂಗಾನ್ನೂ ಕರಕೊಂಡ ಹೋಗ್ರಿ."

ಸಂಗವ್ವ ಕೈಸನ್ನೆ ಮಾಡಿ ಹೇಳುವವಳಾದ್ದರಿಂದ ಇದು ತಿಳಿಯಿತು. ಬಸಲಿಂಗಪ್ಪ ಲಿಂಗಪೂಜೆ ಮುಗಿಸಿ, ಪಾನಾಗಳ ಪೆಟ್ಟಿಗೆ ಹಿಡಿದು ಸೊಸೆಯ ಜೊತೆ ಬಸ್ಸು ಹತ್ತಿದ.

ಖಾನಾಪುರದಲ್ಲಿ ಹಂಚಿನ ರಾಶಿಗಳ ನಡುವಿನ ಅಂಗಳದಲ್ಲಿ ಕಾರು ನಿಂತಿತ್ತು. ಗೌರವ್ವ ಬಾಗಿಲಿಗೆ ಬಂದು ನೀರು ಕೊಟ್ಟಳು, ಮಾತಾಡಿಸಲಿಲ್ಲ. ಗಂಗಾದೇವಿ ಒಳಗೆ ಕೂತು ಚಾವಿ ತಿರುವಬೇಕು, ಬಸಲಿಂಗಪ್ಪ ಎತ್ತಿದ ಬಾನೆಟ್ಟಿನ ಈಚೆ ನಿಂತು ನೋಡಬೇಕು, ಹೀಗೆ ಕೆಲಸ ಶುರುವಾಯಿತು. ಅವನು ಕೈ ಎತ್ತಿದರೆ ಸೆಲ್ಫ್ ಹೊಡೆಯುವುದು, ಕೈ ಇಳಿಸಿದರೆ ಬಿಡುವುದು.

ಇಂಜಿನ್ನು ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಕಿವಿ ಇದ್ದವನಿಗಾದರೆ ಮೊದಲ ಸಲಕ್ಕೇ ಅನುಮಾನ ಬರುತ್ತಿತ್ತು. ಉಬ್ಬಸಪಟ್ಟು ತಿರುಗಬೇಕಾದ ಇಂಜಿನ್ನು ಸುಂಯ್ಯೆಂದು ಹಗುರಾಗಿ ತಿರುಗುತ್ತಿತ್ತು. ಬಾಳಾಸಾಹೇಬರೇ ಹಿಂದಿನಿಂದ, "ಸಪ್ಪಳ ಬ್ಯಾರೇನ ಬರಾಕತ್ತೇತಲ್ರಿ," ಎಂದರು. ಬಸಲಿಂಗಪ್ಪ "ಹೂಂ" ಎಂದು ಪೆಟ್ರೋಲಿನ ನಳಿಕೆ ಬಿಚ್ಚಿದ.

ಪೆಟ್ರೋಲು ಬರುತ್ತಿರಲಿಲ್ಲ. ಸಿಕ್ಕಿತು ಎಂದುಕೊಂಡು ಪಂಪು ಬಿಚ್ಚಿ ತೊಳೆದ. ಒಳಗೆ ಎಲ್ಲ ಗಟ್ಟಿಯಾಗಿತ್ತು. ಮತ್ತೆ ಕೂಡಿಸಿದ. ಬರಲಿಲ್ಲ. ಪ್ಲಗ್ಗಿನ ವಾಯರು ತೆಗೆದು ನೋಡಿದರೆ ಕಿಡಿಯೂ ಇಲ್ಲ. ಪಾಯಿಂಟು ಉಜ್ಜಿದ, ಕಂಡೆನ್ಸರು ಬದಲಿಸಿದ. ಕಿಡಿ ಹಾರಲಿಲ್ಲ. ಆ ದಿನ ಮುಗಿಯಿತು. ಮರುದಿನ ಮಧ್ಯಾಹ್ನದವರೆಗೂ ಅದನ್ನೇ ಮತ್ತೆ ಮಾಡಿದ. ಗಾಡಿ ರಿಪೇರಿಯಾಗದೆ ಬೀಗರ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ ಎಂದು ಹೋಳಿಗೆ ಪಕ್ಕಕ್ಕೆ ಸರಿಸಿ ಬರೇ ಅನ್ನ ಉಂಡ. ಅವನ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು.

ಅಷ್ಟರಲ್ಲಿ ಬಾಳಾಸಾಹೇಬರ ಅಂಗಡಿಗೆ ಗುರುಪಾದನ ಫೋನು ಬಂತು. ಗಂಗಾದೇವಿ ಹೋಗಿ ಮಾತಾಡಿ ಬಂದು ಕಾರಿನಲ್ಲಿ ಕೂತಳು. ಬಾನೆಟ್ಟಿನ ಆಚೆಯಿಂದಲೇ ಹೇಳಿದಳು.

"ಮಾವಾರ, ಇವರ ಫೋನ್ ಬಂದಿತ್ರಿ. ಈ ಹೊಸಾ ಗಾಡ್ಯಾಗ ಒಳಗ ಒಂದ ಪಟ್ಟಾ ಇರತೇತೆಂತ, ಅದನ್ನ ನೋಡ್ರಿ ಅಂದ್ರು."

ಬಾನೆಟ್ಟಿನ ಪಕ್ಕದಿಂದ ಇಣುಕಿದಾಗ ಅವಳ ತುಟಿಯ ಮೇಲೆ "ಒಳಗ", "ಪಟ್ಟಾ" ಎಂಬುದಷ್ಟೇ ಸಿಕ್ಕಿತು. ಬಸಲಿಂಗಪ್ಪ ಹೊರಗೆ ಕಾಣುವ ಡೈನಮೋದ ರಬ್ಬರು ಬೆಲ್ಟು ಎಳೆದು ನೋಡಿ, "ಪಟ್ಟಾ ಗಟ್ಟಿ ಐತೆವಾ," ಎಂದ.

"ಅದಲ್ರಿ, ಒಳಗಿಂದು."

"ಹೂಂ. ಗಟ್ಟಿ ಐತಿ."

ಎರಡು ದಿನದಿಂದ ಗಂಗಾದೇವಿ ಒಂದು ಸಂಗತಿ ನೋಡುತ್ತಿದ್ದಳು. ಬಾನೆಟ್ಟಿನ ಈಚೆ ಬಂದು ಎದುರು ನಿಂತರೆ ಮಾವನಿಂದ ಸರಿಯಾದ ಉತ್ತರ ಬರುತ್ತದೆ. ಬಾನೆಟ್ಟು ನಡುವೆ ಬಂದರೆ ಬರೇ ಹೂಂ. ಅವಳು ಆಗ ಏನು ಹೇಳಿದಳೆಂಬುದು ಬಸಲಿಂಗಪ್ಪನಿಗೆ ತಿಳಿದದ್ದು ಆಮೇಲೆ. ಕೂತಲ್ಲಿಂದಲೇ, ದನಿ ಏರಿಸದೆ, ಚಹಾ ಬೇಕೇ ಎಂದು ಕೇಳಿದ ಹಾಗೆ, "ಮಾವಾರ, ನಿಮ್ಮ ಅಂಗಿಗಿ ಬೆಂಕಿ ಹತ್ತೇತ್ರಿ," ಎಂದಳು.

"ಹೂಂ," ಎಂದ ಬಸಲಿಂಗಪ್ಪ.

ಅವಳು ಇಳಿದು ಬಂದು ಅವನೆದುರು ನಿಂತಳು. ಕಣ್ಣು ತುಂಬಿದ್ದವು. ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಮಾವಾರ, ನಿಮಗ ಕೇಳಸಂಗಿಲ್ಲ. ಹೌದಲ್ರಿ?"

ಎಲ್ಲರ ತುಟಿಯ ಮೇಲೂ ಓದಿ ಓದಿ ಸಾಕಾಗಿದ್ದ ಮಾತಿಗೆ ಈ ಹುಡುಗಿ ಒಂದೇ ಒಂದು ಅಕ್ಷರ ಸೇರಿಸಿದ್ದಳು. ಕೇಳಂಗಿಲ್ಲ ಅಲ್ಲ, ಕೇಳಸಂಗಿಲ್ಲ. ಸಿಕ್ಕಿಬಿದ್ದೆ ಎಂಬ ಬಸಲಿಂಗಪ್ಪನ ಹೆದರಿಕೆಯ ಕೆಳಗೆ, ಕಡೆಗೂ ಮನೆಯಲ್ಲಿ ಒಬ್ಬರಿಗೆ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಇತ್ತು.

"ಯಾರ ಮುಂದೂ ಹೇಳಬ್ಯಾಡ್ವಾ, ಗಂಗವ್ವಾ," ಎಂದ.

"ಹೇಳಂಗಿಲ್ರಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕಾರಿನ ಕಡೆ ನೋಡಿ, ತುಟಿ ಕಾಣುವಂತೆ ತಿರುಗಿ ಕೇಳಿದಳು. "ನನಗ ತಿಳೀಲಾರದ್ದ ಒಂದ ಕೇಳ್ಲೇನ್ರಿ? ಪೆಟ್ರೋಲೂ ಬರಂಗಿಲ್ಲ, ಕಿಡೀನೂ ಬರಂಗಿಲ್ಲ. ಎರಡೂ ಒಮ್ಮಿಗೇ ಹೆಂಗ ಕೆಡತಾವು? ಮನ್ಯಾಗ ಲೈಟೂ ಹೋಗಿ ಫ್ಯಾನೂ ನಿಂತ್ರ ನಾವು ಫ್ಯಾನ್ ಬಿಚ್ಚಂಗಿಲ್ಲ. ಮೊದಲ ಫ್ಯೂಜ್ ನೋಡ್ತೀವಿ."

ಬಸಲಿಂಗಪ್ಪ ಅವಳನ್ನೇ ನೋಡುತ್ತ ನಿಂತ. ಪಂಪಿಗೂ ಕಿಡಿಗೂ ಮೂಲ ಒಂದೇ. ಮೇಲೆ ವಾಲ್ವುಗಳನ್ನು ತೆಗೆದು ಮುಚ್ಚುವ ದಂಡ ತಿರುಗಿದರೆ ಎರಡೂ ನಡೆಯುತ್ತವೆ. ಆ ದಂಡವನ್ನು ತಿರುಗಿಸಲು ಅಂಬಾಸಿಡರಿನಲ್ಲಿ ಕಬ್ಬಿಣದ ಚೈನು ಇರುತ್ತದೆ, ಸಡಿಲಾದರೆ ತಿಂಗಳುಗಟ್ಟಲೆ ಕಿರಕಿರ ಎಂದು ಬೈದು ಎಚ್ಚರಿಸುತ್ತದೆ. ಈ ಗಾಡಿಯಲ್ಲಿ ಚೈನಿಲ್ಲ. ಹಾಗಾದರೆ...

"ಒಳಗಿನ ಪಟ್ಟಾ ಅಂದೇನು ಆಗಳೆ?"

"ಹೌದ್ರಿ!"

ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದ. "ಹೊಡಿಯವಾ," ಎಂದು ಕೈ ಎತ್ತಿದ. ಕೆಳಗೆ ಇಂಜಿನ್ನು ತಿರುಗುವ ನಡುಕ ಅಂಗೈಗೆ ತಾಗಿತು. ಮೇಲೆ ಡಬ್ಬಿಯೊಳಗೆ ಸುತ್ತಬೇಕಾದ ತುಂಡು ಕದಲದೆ ನಿಂತಿತ್ತು. ಇದಕ್ಕೆ ಕಿವಿ ಬೇಕಿರಲಿಲ್ಲ. ಕಣ್ಣು ಸಾಕಾಗಿತ್ತು. ಎರಡು ದಿನ ಅವನಿಗೆ ಅದು ಹೊಳೆದಿರಲಿಲ್ಲ.

ಮುಂದಿನ ಮುಚ್ಚಳ ಬಿಚ್ಚಿದಾಗ ಹಲ್ಲುಹಲ್ಲಿನ ರಬ್ಬರು ಪಟ್ಟಾ ಚಿಂದಿಚಿಂದಿಯಾಗಿ ಕೈಗೆ ಬಂತು. ಅದನ್ನು ಬಿಗಿಯಾಗಿ ಹಿಡಿಯುವ ಸಣ್ಣ ಗಾಲಿಯ ಬೇರಿಂಗು ಸುಟ್ಟು ನೀಲಿಯಾಗಿ ಜಾಮಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಸಲಿಂಗಪ್ಪ ಹಂಚಿನ ರಾಶಿಯ ಮೇಲೆ ಕೂತ. ದಸರೆಯ ಹೊತ್ತಿಗೆ ಚಿಂವ್ ಚಿಂವ್ ಎಂದು ಕೂಗುತ್ತಿದ್ದದ್ದು ಇದೇ. ಪೇಚಕಸದ ತುದಿಯನ್ನು ಇದರಿಂದ ನಾಲ್ಕು ಬೆರಳು ದೂರದಲ್ಲಿ ಇಟ್ಟಿದ್ದ.

ಬಾಳಾಸಾಹೇಬರು ಬಂದು ನೋಡಿದರು.

"ಹೊಸಾ ಗಾಡಿ ಅಲ್ರಿ ಬೀಗರ, ಯಾಕ ಹರೀತು?"

ಹೊಸ ಮಾಲು, ಹೀಗೇ ಇರುತ್ತದೆ ಎನ್ನಬಹುದಿತ್ತು. ಯಾರೂ ಮರುಮಾತಾಡುತ್ತಿರಲಿಲ್ಲ. ಗಂಗಾದೇವಿ ತಂದೆಯ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಅವಳು ಹೇಳುವುದಿಲ್ಲ ಎಂದಿದ್ದಳು. ಹೇಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಇವಳು ತನ್ನ ತಂದೆಯೆದುರು ತಲೆ ತಗ್ಗಿಸಿ ನಿಂತದ್ದು ಅವನಿಗೆ ನೋಡಲಾಗಲಿಲ್ಲ.

"ಇದು ತಿಂಗಳಿಂದ ಕೂಗಾಕತ್ತಿತ್ರಿ," ಎಂದ. "ನೀವು ಹೇಳಿದ್ರಿ. ತಪ್ಪ ನಂದು."

"ಅದನ್ನ ಹೇಳ್ರಿ ಮತ್ತ! ನಾ ಬಡಕೊಂಡೆ, ನೀವು ಕೇಳಲಿಲ್ಲ."

"ಕೇಳಲಿಲ್ಲ ಅಲ್ರಿ ಬೀಗರ. ಕೇಳಸಲಿಲ್ಲ. ನನ್ನ ಕಿವಿ ಹೋಗ್ಯಾವು. ಎರಡ ವರ್ಷಾತು."

ಬಾಗಿಲ ಮರೆಯಲ್ಲಿದ್ದ ಗೌರವ್ವ ಹೊರಗೆ ಬಂದಳು. "ಮತ್ತ ಏನೂ ಇಲ್ಲ ಅಂತ ಯಾಕ ಹೇಳಬೇಕಿತ್ತು? ಇವರ ಹೆಸರ ಉಳೀಲಿ ಅಂತ ನನ್ನ ಮಗಳು ಮನ್ಯಾಗ ಕುಂದರಬೇಕೇನು?" ಎಂದಳು. ಅವಳ ಮುಖವೇ ಸಾಕಷ್ಟು ಹೇಳುತ್ತಿತ್ತು. ಬಸಲಿಂಗಪ್ಪ ಕೈ ಮುಗಿದ. ಗಂಡಿನವರ ಊರಿಗೆ ತಾನೇ ಬಂದು ತಪ್ಪು ಒಪ್ಪಿಕೊಳ್ಳುತ್ತೇನೆ ಎಂದ. ಮುಂದಿನ ವಾರ ಬಾಳಾಸಾಹೇಬರ ಜೊತೆ ರೈಲು ಹತ್ತಿ ಹೋಗಿ ಒಪ್ಪಿಕೊಂಡೂ ಬಂದ. ಅವರು ಚಹಾ ಕೊಟ್ಟು ಕಳಿಸಿದರು. ಆ ಸಂಬಂಧ ಮಾತ್ರ ಕೂಡಿಬರಲಿಲ್ಲ. ಗೌರವ್ವ ಅವನಿಗೆ ತನ್ನ ಕೈಯಿಂದ ಚಹಾ ಕೊಟ್ಟದ್ದು ವರ್ಷವಾದ ಮೇಲೆ.

ಹೊಸ ಪಟ್ಟಾ ಬೆಳಗಾವಿಯಲ್ಲಿ ಸಿಗಲಿಲ್ಲ. ಗುರುಪಾದ ಪುಣೆಗೆ ಬರೆದ. ಅದು ಬರಲು ಹದಿನೆಂಟು ದಿನ ಹಿಡಿಯಿತು. ತಂಗಿಯ ಸಮಾಧಾನಕ್ಕೆಂದು ಗಂಗಾದೇವಿ ತವರಿನಲ್ಲೇ ಉಳಿದಳು.

ಆ ಹದಿನೆಂಟು ದಿನ ಬಸಲಿಂಗಪ್ಪ ಹಿಂದೆಂದೂ ಇಲ್ಲದಷ್ಟು ಒಬ್ಬಂಟಿಯಾದ. ಗುಟ್ಟು ಇದ್ದಾಗ ಅದಾದರೂ ಜೊತೆಗಿತ್ತು. ಈಗ ಸುದ್ದಿ ಊರಿಗೆಲ್ಲ ಹಬ್ಬಿ, ಶೆಡ್ಡಿಗೆ ಬಂದವರು ಹತ್ತು ಮಾತಿನ ಜಾಗದಲ್ಲಿ ಎರಡು ಮಾತನ್ನು ಕಿರುಚಿ ಹೇಳಿ ಹೋಗುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು. ಹಿಂದವಾಡಿಯ ನೆರೆಯವರು ಕಿವಿ ತೋರಿಸಿಕೊಂಡು ಹೇಗಿದೆ ಎಂದು ಸನ್ನೆ ಮಾಡುತ್ತಿದ್ದರು.

ಸಂಗವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅವನೆದುರು ಕೂತಳು.

"ಎರಡ ವರ್ಷ ನಾ ಯಾರ ಕೂಡ ಮಾತಾಡಿದ್ನಿ?" ಎಂದಳು. "ದೀಪ ಆರಿಸಿ ಮಕ್ಕೊಂಡಾಗ ಎಷ್ಟ ಹೇಳಿದ್ನಿ ನಿಮಗ. ನಮ್ಮ ಅಣ್ಣ ಸತ್ತಾಗಿಂದು ಹೇಳಿ ಅತ್ನಿ. ನೀವು ಹೂಂ ಹೂಂ ಅಂದ್ರಿ. ಗ್ವಾಡಿ ಕೂಡ ಮಾತಾಡಿದ್ನೇನ್ರಿ ನಾ?"

ಕತ್ತಲೆಯಲ್ಲಿ ತುಟಿ ಕಾಣುವುದಿಲ್ಲ ಎಂದು ಹೇಗೆ ಹೇಳುವುದು? "ಈಗ ಹೇಳು," ಎಂದ. ಸಂಗವ್ವ ತಲೆ ಅಲ್ಲಾಡಿಸಿ, ಕರಟುತ್ತಿದ್ದ ರೊಟ್ಟಿಯ ಕಡೆ ಹೋದಳು.

ಗುರುಪಾದನ ಕೊಂಕು ಮಾತು ನಿಂತುಹೋಯಿತು. ಊಟದ ಹೊತ್ತಿಗೆ ತಾಟಿನಿಂದ ಕಣ್ಣೆತ್ತಿ ತಂದೆಯನ್ನು ಏನೋ ಲೆಕ್ಕ ಹಾಕುವವನ ಹಾಗೆ ನೋಡುವುದು, ಮತ್ತೆ ತಲೆ ಬಗ್ಗಿಸುವುದು. ಅದು ಬಸಲಿಂಗಪ್ಪನಿಗೆ ಬೈಗಳಿಗಿಂತ ಭಾರವಾಯಿತು.

ಪಟ್ಟಾ ಬಂದ ದಿನ ಇಬ್ಬರೂ ಖಾನಾಪುರದ ಬಸ್ಸು ಹತ್ತಿದರು. ಕೂತದ್ದು ಪಕ್ಕಪಕ್ಕದಲ್ಲೇ, ಆದರೆ ಗುರುಪಾದ ತಂದೆಯ ಎಡಕ್ಕೆ, ಪೂರ್ತಿ ಮುಚ್ಚಿದ ಕಿವಿಯ ಕಡೆಗೆ ಕೂತ.

ಕೆಲಸಕ್ಕೆ ನಿಂತಾಗ ಎರಡು ವರ್ಷ ಬಿಟ್ಟ ಕೈಗಳು ತಾವಾಗಿಯೇ ಕೂಡಿದವು. ಮೇಲಿನ ಗುರುತು ಕೆಳಗಿನ ಗುರುತಿಗೆ ಸರಿಹೊಂದಿಸಿ ಹೊಸ ಪಟ್ಟಾ ಏರಿಸಿದರು. ಪಟ್ಟಾ ಹರಿದಾಗ ವಾಲ್ವುಗಳು ಬಡಿಸಿಕೊಂಡು ಬಾಗಿರಬಹುದು ಎಂಬ ಭಯ ಉಳಿದಿತ್ತು. ಬಸಲಿಂಗಪ್ಪ ಪ್ಲಗ್ಗುಗಳನ್ನು ತೆಗೆದು ಒಂದೊಂದು ತೂತಿಗೂ ಹೆಬ್ಬೆರಳು ಒತ್ತಿ ಹಿಡಿದ, ಗುರುಪಾದ ಪಾನಾ ಹಾಕಿ ಇಂಜಿನ್ನು ತಿರುವಿದ. ಮೂರೂ ತೂತುಗಳಲ್ಲಿ ಗಾಳಿ ಹೆಬ್ಬೆರಳನ್ನು ಜೋರಾಗಿ ನೂಕಿತು.

"ಏನೂ ಆಗಿಲ್ಲ," ಎಂದ ಬಸಲಿಂಗಪ್ಪ. ಈ ಸಲ ಅದು ಖರೇ ಆಗಿತ್ತು.

ಗುರುಪಾದ ಪಾನಾ ಕೆಳಗಿಟ್ಟ. ತಂದೆಯ ಎದುರಿಗೆ ಬಂದು ನಿಂತ.

"ಯಪ್ಪಾ, ಒಂದ ಕೇಳ್ತೀನಿ. ಅವತ್ತ ಶ್ರಾವಣದಾಗ ನೀ ಲಾರಿ ಕೆಳಗ ಮಕ್ಕೊಂಡಿದ್ದಿ. ಮುಂಜಾನಿಂದ ನನ್ನ ಒಂದ ಮಾತಿಗೂ ಉತ್ತರ ಕೊಟ್ಟಿದ್ದಿಲ್ಲ. ನನಗ ಸಿಟ್ಟ ಬಂತು. ಯಪ್ಪಾ, ನಾ ನಿನಗ ಬ್ಯಾಡಾಗೀನೇನು, ಬಿಡ್ಲೇನು ಅಂದ್ನಿ. ಎರಡ ಸಲ ಕೇಳಿದ್ನಿ."

ಬಸಲಿಂಗಪ್ಪ ಅವನ ತುಟಿಗಳಿಂದ ಕಣ್ಣು ಕೀಳಲಿಲ್ಲ.

"ನಾ ಏನಂದೆ?"

"ಹೂಂ ಅಂದಿ. ಎರಡೂ ಸಲ."

ಅಂಗಳದಲ್ಲಿ ಆಳುಗಳು ಹಂಚು ಎಣಿಸಿ ಲಾರಿಗೆ ಏರಿಸುತ್ತಿದ್ದರು. ಬಸಲಿಂಗಪ್ಪನ ಕಣ್ಣಿಗೆ ಅದ್ಯಾವುದೂ ಬೀಳಲಿಲ್ಲ. ಹೇಳದೆ ಕೇಳದೆ ಹೋದ ಎಂದು ಎರಡು ವರ್ಷ ಯಾರನ್ನು ಬೈದುಕೊಂಡಿದ್ದನೋ, ಅವನು ಹೇಳಿದ್ದ, ಕೇಳಿಯೂ ಇದ್ದ.

"ನನಗ ಕೇಳಸಲಿಲ್ಲೋ, ಗುರುಪಾದ," ಎಂದ. ಗುರುಪಾದ ಒರೆಸುವ ಬಟ್ಟೆ ಎತ್ತಿಕೊಂಡು, ಎಣ್ಣೆಯೇ ಇಲ್ಲದ ಕೈಯನ್ನು ಬಹಳ ಹೊತ್ತು ಒರೆಸಿಕೊಂಡ.

ಆಮೇಲೆ ಕಾರಿನ ಚಾವಿ ತಿರುವಿದ. ಇಂಜಿನ್ನು ಹತ್ತಿತು. ಗಂಗಾದೇವಿ ಬಾಗಿಲಿಗೆ ಓಡಿಬಂದಳು. ಗುರುಪಾದ ಪೇಚಕಸ ತೆಗೆದುಕೊಂಡು ಇಂಜಿನ್ನಿಗಿಟ್ಟು ಹಿಡಿಕೆಯನ್ನು ತನ್ನ ಕಿವಿಗೆ ಒತ್ತಿದ. ಕೇಳಿ ಮುಗಿದ ಮೇಲೆ, ಕೇಳಿದ್ದನ್ನು ಮಡಗಾರ್ಡಿನ ಮೇಲೆ ಬೆರಳಗಂಟಿನಿಂದ ಬಡಿದ. ಒಂದೇ ಸಮ, ಒಂದೇ ಸಮ, ಎಲ್ಲೂ ತಪ್ಪಿಲ್ಲ. ಬಸಲಿಂಗಪ್ಪ ಅಂಗೈ ಚಾಚಿ ಅದನ್ನು ತೆಗೆದುಕೊಂಡ. ಭರಮಪ್ಪ ಹೀಗೆ ಬಡಿಯುತ್ತಿದ್ದುದನ್ನು ಮಗ ಯಾವಾಗ ನೋಡಿ ಇಟ್ಟುಕೊಂಡಿದ್ದನೋ.

ಇಂಜಿನ್ನಿನ ಗುನುಗಿನ ಮೇಲಿಂದ ಗುರುಪಾದ ಏನೋ ಅಂದ. ತುಟಿ ಕಂಡಿತು. "ನಾಳಿಂದ" ಎಂಬುದು ತಿಳಿಯಿತು. ಆಮೇಲಿನ ಮಾತು ಬ ಎಂದು ಶುರುವಾಗಿ ಲೇನು ಎಂದು ಮುಗಿಯಿತು. ಬರ್ಲೇನು ಇರಬಹುದು, ಮತ್ತೆ ಶೆಡ್ಡಿಗೆ. ಬಿಡ್ಲೇನು ಇರಬಹುದು. ತುಟಿಯ ಮೇಲೆ ಎರಡೂ ಒಂದೇ.

ನಾಲಗೆಯ ತುದಿಗೆ ಹೂಂ ಬಂದು ನಿಂತಿತು. ಬಸಲಿಂಗಪ್ಪ ಅದನ್ನು ನುಂಗಿಕೊಂಡ.

"ಕೇಳಸಲಿಲ್ಲಪಾ," ಎಂದ. "ಇನ್ನೊಮ್ಮಿ ಅನ್ನು."

ಗುರುಪಾದ ಕೈ ಚಾಚಿ ಗಾಡಿ ಬಂದ್ ಮಾಡಿದ. ಸುತ್ತಿ ಬಂದು ತಂದೆಯ ಬಲಗಡೆಗೆ ನಿಂತು, ಅದನ್ನೇ ಮತ್ತೊಮ್ಮೆ ಕೇಳಿದ.